ಕರೆಂಟ್ ಹೋಗಲೆಂದು ಕಾದವರು

ನಮ್ಮ ಬೀದಿಯ ಮನೆಗಳಿಗೆ ಪುರಸಭೆಯವರು ನಂಬರು ಬರೆಸಿದ್ದರು. ಪೋಸ್ಟ್‌ಮ್ಯಾನ್ ಒಬ್ಬನನ್ನು ಬಿಟ್ಟರೆ ಯಾರೂ ಅದನ್ನು ನೋಡುತ್ತಿರಲಿಲ್ಲ. ಎಂಟು ಮಗ್ಗದವರ ಮನೆ, ಆರು ಮಗ್ಗದವರ ಮನೆ, ಮೂಲೆಯಲ್ಲಿ ಎರಡು ಮಗ್ಗದವರ ಮನೆ, ಇದೇ ನಮ್ಮ ವಿಳಾಸ. ನಾವು ನಾಲ್ಕು ಮಗ್ಗದವರು. ದೊಡ್ಡಬಳ್ಳಾಪುರದ ನೇಯುವವರ ಬೀದಿಗೆ ಹೊಸಬರು ಯಾರಾದರೂ ಬಂದು ಹೆಸರು ಹಿಡಿದು ಮನೆ ಕೇಳಿದರೆ, "ಎಷ್ಟು ಮಗ್ಗದೋರು?" ಎಂದು ನಾವೇ ತಿರುಗಿ ಕೇಳುತ್ತಿದ್ದೆವು. ಮಗ್ಗವೆಂದರೆ ಕೈಮಗ್ಗವಲ್ಲ, ಕರೆಂಟಿನಲ್ಲಿ ಓಡುವ ಪವರ್‌ಲೂಮ್. ನಡುಮನೆಯಲ್ಲೇ ಮಗ್ಗ, ಮಗ್ಗದ ಪಕ್ಕದಲ್ಲೇ ನಮ್ಮ ಊಟ, ಓದು, ನಿದ್ದೆ.

ಅಪ್ಪನಿಗಂತೂ ಲೋಕವನ್ನು ಅಳೆಯಲು ಇದೊಂದೇ ಅಳತೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರ ಪರಿಚಯವಾದರೆ ಮೊದಲು ಊರು ಕೇಳುವರು, ಎಲೆಗೆ ಪಲ್ಯ ಬೀಳುವಷ್ಟರಲ್ಲಿ ಮಗ್ಗ ಕೇಳುವರು. ಎದುರಿನವರಿಗೆ ಮಗ್ಗ ಹೆಚ್ಚಿದ್ದರೆ ಅಪ್ಪನ ಬೆನ್ನು ತುಸು ಬಾಗುತ್ತಿತ್ತು, ಕಡಿಮೆ ಇದ್ದರೆ ತುಸು ನೆಟ್ಟಗಾಗುತ್ತಿತ್ತು. ಅದನ್ನು ನೋಡಿ ನಾನೂ ಅಜ್ಜಿಯೂ ತುಟಿ ಬಿಗಿಹಿಡಿದು ನಗುತ್ತಿದ್ದೆವು.

ಅಜ್ಜಿ ಅಪ್ಪನ ತಾಯಿ. ನನಗೂ ಅವಳಿಗೂ ಒಂದೇ ಬುದ್ಧಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಹೊಗಳಲಿಕ್ಕಲ್ಲ. ಇಬ್ಬರಿಗೂ ಬಾಯಿ ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲಿ, ನಗು ಅದಕ್ಕಿಂತ ಹತ್ತಿರದಲ್ಲಿ. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ದೊಡ್ಡ ಗಂಟಲು ಹೇಗೂ ಬರುತ್ತದೆ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ನಾವು ಸುಮ್ಮನೆ ಮಾತಾಡುತ್ತಿದ್ದರೂ ಮುಂದಿನ ಸೀಟಿನವರು ತಿರುಗಿ, "ಯಾಕ್ರಮ್ಮಾ ಜಗಳ?" ಎಂದು ಕೇಳುತ್ತಿದ್ದರು. ಆದರೆ ಮನೆಯೊಳಗೆ ನಾಲ್ಕೂ ಮಗ್ಗ ಓಡುವಾಗ ಆ ಗಂಟಲೂ ಸಾಲದು. ಆಗ ನಾವು ದನಿಯನ್ನೇ ಬಿಟ್ಟು ಬರೀ ತುಟಿ ಆಡಿಸುತ್ತಿದ್ದೆವು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ತುಟಿ ಆಡಿಸಿದರೆ, ಕೊನೆಯ ಮಗ್ಗದ ಹಿಂದಿದ್ದ ಅಪ್ಪನಿಗೆ ಹುಣಸೆಹಣ್ಣು ಮುಗಿದಿದೆ ಎಂದು ತಿಳಿಯುತ್ತಿತ್ತು. ಅಪ್ಪ ಅಲ್ಲಿಂದಲೇ ತುಟಿ ಆಡಿಸಿ, ಮೊನ್ನೆ ತಾನೇ ತಂದಿದ್ದೆನಲ್ಲ ಎಂದು ರೇಗುತ್ತಿದ್ದರು. ಹೀಗೆ ಒಂದು ಸದ್ದೂ ಇಲ್ಲದೆ ಜಗಳ ಶುರುವಾಗಿ, ಒಂದು ಸದ್ದೂ ಇಲ್ಲದೆ ಮುಗಿಯುತ್ತಿತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಊರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಅರ್ಥಶಾಸ್ತ್ರದ ಮೇಷ್ಟ್ರು ಆ ವರ್ಷ ರಾಷ್ಟ್ರೀಯ ಆದಾಯದ ಪಾಠ ಮಾಡಿದರು. ದೇಶದಲ್ಲಿ ವರ್ಷವಿಡೀ ತಯಾರಾದದ್ದನ್ನೆಲ್ಲ ಹಣದಲ್ಲಿ ಕೂಡಿಸಬೇಕು, ಬಂದ ಮೊತ್ತವನ್ನು ಜನಸಂಖ್ಯೆಯಿಂದ ಭಾಗಿಸಬೇಕು, ಆಗ ದೇಶದ ಜನ ಎಷ್ಟು ಅನುಕೂಲವಾಗಿದ್ದಾರೆ ಎಂದು ತಿಳಿಯುತ್ತದೆ ಎಂದರು. ನನಗೆ ಕೂಡಲೇ ಅರ್ಥವಾಯಿತು. ಇದು ನಮ್ಮಪ್ಪನ ಲೆಕ್ಕವೇ, ಮಗ್ಗದ ಬದಲು ದೇಶ ಇಟ್ಟಿದ್ದಾರೆ ಅಷ್ಟೆ.

ಮನೆಗೆ ಬಂದು ಇದನ್ನು ಹೇಳಿದೆ. ಅಮ್ಮ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಅನ್ನುತ್ತೇವೆ, ಅದಿಲ್ಲದೆ ಮಗ್ಗ ಒಂದು ಗೇಣೂ ಮುಂದೆ ಹೋಗುವುದಿಲ್ಲ. ಮನೆಯವರೇ ಮನೆಯಲ್ಲಿ ಮಾಡುವ ಇಂಥ ಕೆಲಸಕ್ಕೆ ಯಾರೂ ಕೂಲಿ ಕೊಡುವುದಿಲ್ಲವಾದ್ದರಿಂದ ಅದು ಬೇರೆಯಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂದು ವಿವರಿಸಿದೆ.

"ಹಂಗಾದ್ರೆ ನಾಳೆಯಿಂದ ದೇಶಾನೇ ಬಂದು ಸುತ್ಕೊಳ್ಲಿ," ಎಂದಳು ಅಮ್ಮ, ಕೈ ನಿಲ್ಲಿಸದೆ.

ಅಜ್ಜಿಗೆ ಬೇರೆಯದೇ ಅನುಮಾನ. "ಕರೆಂಟ್ ಹೋದಾಗ ನಿಮ್ ಮೇಷ್ಟ್ರು ಲೆಕ್ಕ ಏನಾಗುತ್ತೇ?"

"ಕಮ್ಮಿ ಆಗುತ್ತೆ ಅಜ್ಜಿ. ಏನೂ ತಯಾರಾಗಲ್ವಲ್ಲ."

"ಅಯ್ಯೋ, ಅವ್ರನ್ನ ಒಂದ್ ದಿನ ಮಧ್ಯಾಹ್ನ ನಮ್ ಬೀದಿಗೆ ಕರ್ಕೊಂಡ್ ಬಾರೇ," ಎಂದಳು.

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಆ ವರ್ಷಗಳಲ್ಲಿ ಮಧ್ಯಾಹ್ನದ ಊಟದ ಹೊತ್ತು ದಾಟುತ್ತಿದ್ದಂತೆ ಕರೆಂಟ್ ತೆಗೆಯುತ್ತಿದ್ದರು. ಬೆಳಗ್ಗೆಯಿಂದ ಇಡೀ ಬೀದಿ ಟಕಟಕ ಎನ್ನುತ್ತಿದ್ದದ್ದು ಒಂದೇ ಸಲಕ್ಕೆ ನಿಂತುಬಿಡುತ್ತಿತ್ತು. ಮೊದಲು ಕಿವಿಯೊಳಗೆ ಗುಂಯ್ ಎನ್ನುವುದು. ಆಮೇಲೆ ಕಾಗೆಯ ಕೂಗು, ಯಾರದೋ ಮನೆಯ ಒಗ್ಗರಣೆ ಸದ್ದು, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಸದ್ದು, ಒಂದೊಂದಾಗಿ ಕೇಳಿಸತೊಡಗುವವು. ಗಂಡಸರು ಮುಖಕ್ಕೆ ನೀರು ಹಾಕಿಕೊಂಡು, ಕೂದಲಿಗೆ ಅಂಟಿದ ನೂಲಿನ ಎಳೆ ಕೊಡವುತ್ತ ಜಗಲಿಗೆ ಬರುವರು. ಹೆಂಗಸರು ಮೊರ ಹಿಡಿದು ಬರುವರು, ಅಕ್ಕಿ ಆರಿಸುವುದು ನೆಪ. ಒಬ್ಬರು ಕಡ್ಲೆಪುರಿ ತಂದರೆ ಇನ್ನೊಬ್ಬರು ಈರುಳ್ಳಿ ಹೆಚ್ಚುವರು, ಮತ್ತೊಬ್ಬರು ಕಾಯಿತುರಿ. ಬೆಳಗ್ಗೆಯೆಲ್ಲ ತುಟಿಯಲ್ಲೇ ಮಾತಾಡಿದವರು ಈಗ ಬಾಯಿತುಂಬ ಮಾತಾಡುವರು. ಎದುರು ಮನೆಯ ಎಂಟು ಮಗ್ಗದ ಯಜಮಾನರು ದೆವ್ವದ ಕತೆ ಹೇಳುವುದರಲ್ಲಿ ಎತ್ತಿದ ಕೈ. ಉರಿಬಿಸಿಲಿನಲ್ಲಿ ಅವರು ದೆವ್ವ ತರುತ್ತಿದ್ದರು, ನಾವು ಅದನ್ನೂ ನಂಬುತ್ತಿದ್ದೆವು.

ಅಪ್ಪ ಮಾತ್ರ ಮೊದಲು ಸ್ವಲ್ಪ ಹೊತ್ತು ಗೊಣಗಬೇಕು. "ಇವತ್ತು ಅರ್ಧ ಸೀರೆ ಹೋಯ್ತು" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ ಮೇಲೆ, ತಾವೇ ಸೀಮೆಸುಣ್ಣ ಹಿಡಿದು ಜಗಲಿಯ ಮೇಲೆ ಚೌಕಾಬಾರದ ಮನೆ ಬರೆಯಲು ಕೂರುತ್ತಿದ್ದರು. ಕವಡೆ ಕೈಗೆ ಬಂದರೆ ಅರ್ಧ ಸೀರೆಯ ದುಃಖ ಮರೆತುಹೋಗುತ್ತಿತ್ತು. ನನ್ನ ಇಡೀ ಬಾಲ್ಯದಲ್ಲಿ ಅಪ್ಪ ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಕರೆಂಟ್ ಇಲ್ಲದಿದ್ದಾಗಲೇ. ಉಳಿದ ಹೊತ್ತಿನಲ್ಲಿ ನಕ್ಕಿದ್ದರೂ ಕೇಳಿಸುವ ಹಾಗಿರಲಿಲ್ಲ.

ಆ ವರ್ಷವೇ ನನಗೆ ಎರಡು ಕಡೆಯಿಂದ ಸಂಬಂಧ ಬಂತು. ಎರಡೂ ನಮ್ಮೂರಿನವೇ, ಎರಡೂ ನೇಯುವವರ ಮನೆಯೇ. ಒಂದು ಹನ್ನೆರಡು ಮಗ್ಗದ ಮನೆ. ಇನ್ನೊಂದು, ಊರಿನ ಆ ತುದಿಯಲ್ಲಿ, ಮೂರು ಮಗ್ಗದ ಮನೆ. ಅಪ್ಪನ ಲೆಕ್ಕ ಅಲ್ಲೇ ಮುಗಿದಿತ್ತು. ಮೂರು ಮಗ್ಗವೆಂದರೆ ನಮಗಿಂತ ಒಂದು ಕಡಿಮೆ, ಮಗಳನ್ನು ಕೆಳಕ್ಕೆ ಯಾರಾದರೂ ಕೊಡುತ್ತಾರೆಯೇ?

ನನಗೆ ಭಯವಾಗಿತ್ತು. ಕಾಲೇಜಿನಲ್ಲಿ ಎಷ್ಟೇ ಬಾಯಿ ಮಾಡಿದರೂ, ನಾನು ಇನ್ನು ಬಾಳಬೇಕಾದ ಮನೆ ಯಾವುದೆಂದು ಬೇರೆಯವರು ಎಣಿಸಿ ಹೇಳುತ್ತಾರೆ ಎಂಬುದು ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಅಜ್ಜಿಯ ಹತ್ತಿರ ಹೋಗಿ ಅತ್ತುಬಿಟ್ಟೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ಅಪ್ಪನನ್ನು ಕರೆದಳು.

"ಲೋ, ಎರಡು ಮನೇನೂ ನೋಡಣ. ಆದ್ರೆ ಕರೆಂಟ್ ಹೋಗೋ ಹೊತ್ತಿಗೆ ಹೋಗ್ಬೇಕು."

"ಅದ್ಯಾಕವ್ವ? ಮಗ್ಗ ಓಡೋದು ನೋಡ್ಬೇಕಲ್ವಾ?"

"ಮಗ್ಗ ಓಡ್ತಿದ್ರೆ ಎಲ್ಲಾರ್ ಮನೇನೂ ಒಂದೇ ಕಣೋ. ಸದ್ದು ನಿಂತ್ಮೇಲೆ ಒಳಗಿರೋರು ಏನ್ ಮಾಡ್ತಾರೆ ಅನ್ನೋದು ನೋಡ್ಬೇಕು. ಕೆಲವ್ರು ಬೈಕೊಂತಾರೆ, ಕೆಲವ್ರು ಮುಖ ತಿರುಗಿಸ್ಕೊಂಡ್ ಮಲಗ್ತಾರೆ. ನಮ್ ಹುಡುಗಿಗೆ ಮಾತು ಬೇಕು. ಮಾತಿಲ್ದಿದ್ರೆ ಇವ್ಳು ಸೊರಗಿ ಹೋಗ್ತಾಳೆ."

ಅಪ್ಪನಿಗೆ ಇದು ಹುಚ್ಚು ಎನಿಸಿತು. ಆದರೆ ಅಜ್ಜಿಯ ಮಾತು ತೆಗೆದುಹಾಕುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹನ್ನೆರಡು ಮಗ್ಗದವರು ಹುಡುಗಿಯನ್ನೂ ಕರೆತನ್ನಿ, ಮನೆ ನೋಡಲಿ ಎಂದು ಹೇಳಿಕಳುಹಿಸಿದ್ದರು. ಹುಡುಗಿ ಮೊದಲೇ ಗಂಡಿನ ಮನೆ ಮೆಟ್ಟಿಲು ಹತ್ತುವುದು ನಮ್ಮಲ್ಲಿ ರೂಢಿಯಲ್ಲ, ಆದರೆ ತೋರಿಸಲು ಅಷ್ಟು ಇರುವವರಿಗೆ ರೂಢಿ ಅಡ್ಡ ಬರುವುದಿಲ್ಲ. ಅಪ್ಪ, ಅಜ್ಜಿ, ನಾನು ಮೂವರೂ ಹೋದೆವು. ಒಳ್ಳೆಯ ಜನ, ಸುಳ್ಳು ಹೇಳಬಾರದು. ಮೈಸೂರುಪಾಕು ತಟ್ಟೆ ತುಂಬ ಇಟ್ಟರು. ಹುಡುಗ ನೋಡಲು ಬಹಳ ಚೆನ್ನಾಗಿದ್ದ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಮಗ್ಗಗಳು ಎರಡು ಸಾಲಾಗಿ ಓಡುತ್ತಿದ್ದವು. ಮಾತಾಡುವ ಹಾಗೆ ಇರಲಿಲ್ಲವಾದ್ದರಿಂದ ನಾವೆಲ್ಲ ಕೂತು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು.

ಸರಿಯಾದ ಹೊತ್ತಿಗೆ ಕರೆಂಟ್ ಹೋಯಿತು. ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಕಂಡಿಕೆ ಸುತ್ತುತ್ತಿದ್ದ ಹಿರಿಯ ಸೊಸೆ ತಲೆ ಎತ್ತಿ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ನಗು ಇತ್ತು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಳ್ಳುತ್ತ ನನ್ನ ಹತ್ತಿರ ಸರಿದು ಕೂತಳು.

"ಮೊನ್ನೆ ನಮ್ ಮನೇಲಿ ಏನಾಯ್ತು ಗೊತ್ತಾ? ನಮ್ ಮಾವ—"

ಅಷ್ಟರಲ್ಲಿ ಹಿತ್ತಿಲಿನಿಂದ ಡಬಡಬ ಎಂದು ಶುರುವಾಯಿತು. ನೆಲವೇ ನಡುಗಿತು. ಬಲ್ಬು ಮತ್ತೆ ಹತ್ತಿಕೊಂಡಿತು, ಹನ್ನೆರಡು ಮಗ್ಗವೂ ಮತ್ತೆ ಓಡಿದವು. ಅವಳ ತುಟಿ ಅಲ್ಲಿಗೇ ನಿಂತಿತು. ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಜಾಗಕ್ಕೆ ಹೋದಳು.

ಯಜಮಾನರು ನಮ್ಮನ್ನು ಹಿತ್ತಿಲಿಗೆ ಕರೆದೊಯ್ದು ತೋರಿಸಿದರು. ಹೊಸ ಡೀಸೆಲ್ ಜನರೇಟರ್, ಹಸಿರು ಬಣ್ಣದ್ದು, ಮೇಲೆ ಕುಂಕುಮ ಹಚ್ಚಿ ಹೂ ಮುಡಿಸಿದ್ದರು. "ಇನ್ಮೇಲೆ ನಮ್ ಮನೇಲಿ ಮಗ್ಗ ನಿಲ್ಲೋ ಮಾತೇ ಇಲ್ಲ," ಎಂದು ನಮ್ಮ ಕಿವಿಯ ಹತ್ತಿರ ಬಂದು ಕೂಗಿದರು. ಅಪ್ಪ ಅದನ್ನು ಮುಟ್ಟಿ ನೋಡಿದರು. ಅವರ ಮುಖದಲ್ಲಿ ಅಂಥ ಭಕ್ತಿಯನ್ನು ನಾನು ದೇವಸ್ಥಾನದಲ್ಲೂ ಕಂಡಿರಲಿಲ್ಲ.

ದಾರಿಯುದ್ದಕ್ಕೂ ಅಪ್ಪ ಜನರೇಟರಿನ ಗುಣಗಾನ ಮಾಡಿದರು. ಅಜ್ಜಿಗೆ ಸಿಟ್ಟು ಬಂದಿತ್ತು. ನೋಡಲು ಹೋದದ್ದು ನೋಡಲು ಸಿಗಲಿಲ್ಲ. ನನಗೆ ಬೇರೆಯೇ ಹಿಂಸೆ. ಮಾವನಿಗೆ ಏನಾಯಿತು? ಆ ಸೊಸೆ ಏನು ಹೇಳಲು ಹೊರಟಿದ್ದಳು? ಅಷ್ಟು ಆಸೆಯಿಂದ ಬಾಯಿ ತೆರೆದವಳು ಅಷ್ಟು ಬೇಗ ಮುಚ್ಚಿದ್ದು ನನಗೆ ಸಂಕಟವಾಯಿತು. ಅವಳಿಗೆ ಅದು ಆಗಲೇ ಅಭ್ಯಾಸವಾಗಿತ್ತು ಎನ್ನುವುದು ಇನ್ನೂ ಸಂಕಟ.

ಮಾರನೆಯ ದಿನ ತರಗತಿಯಲ್ಲಿ ಎದ್ದು ನಿಂತು ಮೇಷ್ಟ್ರನ್ನು ಕೇಳಿದೆ. ಜನರೇಟರ್ ಇಟ್ಟರೆ ರಾಷ್ಟ್ರೀಯ ಆದಾಯ ಹೆಚ್ಚುತ್ತದೆಯೇ? ಖಂಡಿತ, ಸೀರೆಯೂ ಹೆಚ್ಚುತ್ತದೆ, ಡೀಸೆಲ್ ವ್ಯಾಪಾರವೂ ಹೆಚ್ಚುತ್ತದೆ ಎಂದರು. ಜನರೇಟರಿನಿಂದ ಒಂದು ಕತೆ ಅರ್ಧಕ್ಕೆ ನಿಂತರೆ ಅದನ್ನು ಎಲ್ಲಿ ಕಳೆಯಬೇಕು ಎಂದೆ. ತರಗತಿಯೆಲ್ಲ ನಕ್ಕಿತು, ಮೇಷ್ಟ್ರೂ ನಕ್ಕರು. ಸೀಮೆಸುಣ್ಣವನ್ನು ಕೈಯಲ್ಲಿ ಹೊರಳಿಸಿ, "ಒಳ್ಳೆ ಪ್ರಶ್ನೆ ಕಣಮ್ಮಾ. ಅದಕ್ಕೆ ಇನ್ನೂ ಅಳತೆ ಸಿಕ್ಕಿಲ್ಲ. ಪರೀಕ್ಷೇಲಿ ಮಾತ್ರ ಬರೀಬೇಡ," ಎಂದರು.

ಮುಂದಿನ ವಾರ ಮೂರು ಮಗ್ಗದ ಮನೆ. ಅಲ್ಲಿಗೆ ಹುಡುಗಿಯನ್ನು ಕರೆದೊಯ್ಯುವುದು ಬೇಡ ಎಂದರು ಅಪ್ಪ. "ಆ ಮನೆಗೆ ಕರ್ಕೊಂಡ್ ಹೋಗಿ ಈ ಮನೆಗೆ ಬಿಟ್ ಹೋದ್ರೆ ನ್ಯಾಯಾನೇನೋ?" ಎಂದಳು ಅಜ್ಜಿ. ಮತ್ತೆ ಮೂವರೂ ಹೊರಟೆವು.

ಚಿಕ್ಕ ಮನೆ. ನಡುಮನೆಯಲ್ಲಿ ಮೂರು ಮಗ್ಗ ಹಿಡಿಸಿದ ಮೇಲೆ ಉಳಿದ ಜಾಗದಲ್ಲಿ ಒಂದು ಚಾಪೆ ಮಾತ್ರ ಹಾಸಬಹುದಿತ್ತು. ನಾವು ಅದರ ಮೇಲೆ ಕೂತೆವು. ಯಜಮಾನರು ಒಂದು ಮಗ್ಗದಲ್ಲಿ, ಅವರ ಮಗ, ಅಂದರೆ ಹುಡುಗ, ಗೋಡೆ ಪಕ್ಕದ ಮಗ್ಗದ ಹಿಂದೆ. ಬಂದು ಕೈಮುಗಿದು, ಸಂಜೆಯೊಳಗೆ ಸೀರೆ ಒಪ್ಪಿಸಬೇಕಾಗಿದೆ, ತಪ್ಪು ತಿಳಿಯಬೇಡಿ ಎಂದು ಹೇಳಿ ಹುಡುಗ ಮತ್ತೆ ಮಗ್ಗಕ್ಕೆ ಹೋಗಿದ್ದ. ಅವನ ತಾಯಿ ಕಾಫಿ ಕೊಟ್ಟರು. ಕುಡಿದೆವು. ಕರೆಂಟ್ ಹೋಗುವ ಹೊತ್ತಾಯಿತು.

ಕರೆಂಟ್ ಹೋಗಲಿಲ್ಲ.

ಅಜ್ಜಿ ಬಲ್ಬು ನೋಡಿದಳು. ನಾನೂ ನೋಡಿದೆ. ದಿನಾ ತಪ್ಪದೆ ಹೋಗುತ್ತಿದ್ದ ಕರೆಂಟಿಗೆ ಅಂದೇ ಒಳ್ಳೆಯ ಬುದ್ಧಿ ಬಂದುಬಿಟ್ಟಿತ್ತು. ತಾಯಿ ಉಪ್ಪಿಟ್ಟು ಮಾಡಿ ತಂದರು, ತಿಂದೆವು. ಇನ್ನೊಮ್ಮೆ ಕಾಫಿ ಬಂತು. ಅಪ್ಪ ಎದ್ದು ಹೋಗೋಣವೆಂದು ಎರಡು ಸಲ ಸನ್ನೆ ಮಾಡಿದರು. ಅಜ್ಜಿ ಕಂಬದಂತೆ ಕೂತಿದ್ದಳು. ಬಾಳೆಹಣ್ಣು ಬಂತು, ಎಲೆ ಅಡಿಕೆ ಬಂತು. ಕೊಡಲು ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲವೆಂದು ಕಾಣುತ್ತದೆ, ಆ ತಾಯಿ ಅಡುಗೆಮನೆ ಬಾಗಿಲಲ್ಲಿ ನಿಂತು ಮಗ್ಗದ ಹಿಂದಿದ್ದ ಗಂಡನ ಕಡೆ ತಿರುಗಿ ತುಟಿ ಆಡಿಸಿದರು.

"ಇವ್ರು ಯಾಕೆ ಎದ್ದೇಳ್ತಿಲ್ಲ?"

ಯಜಮಾನರೂ ತುಟಿಯಲ್ಲೇ ಹೇಳಿದರು. "ರಾತ್ರಿ ಊಟಕ್ಕೂ ಇರ್ತಾರೋ ಏನೋ. ಅಕ್ಕಿ ಐತಾ ನೋಡು."

ಎದುರಿಗೆ ಕೂತ ನೆಂಟರು ತಮ್ಮ ಹಾಗೇ ಮಗ್ಗದ ಮನೆಯವರು, ನಮಗೂ ತುಟಿ ಓದಲು ಬರುತ್ತದೆ ಎನ್ನುವುದನ್ನು ಇಬ್ಬರೂ ಮರೆತೇಬಿಟ್ಟಿದ್ದರು. ಅಪ್ಪನ ಮುಖ ಕೆಂಪಾಯಿತು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅಜ್ಜಿ ಮಾತ್ರ ಸ್ವಲ್ಪವೂ ಅಲುಗಾಡದೆ ಆ ತಾಯಿಯ ಕಡೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ತುಟಿ ಆಡಿಸಿದಳು.

"ಕರೆಂಟ್ ಹೋಗ್ಲಿ ಅಂತ ಕಾಯ್ತಿದ್ದೀವಿ ಕಣವ್ವ. ಮಗ್ಗ ನಿಂತ್ರೆ ನಿಮ್ ಮನೆ ಹೆಂಗಿರುತ್ತೆ ನೋಡ್ಬೇಕು."

ಆ ತಾಯಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು. ಮಗ್ಗದ ಸದ್ದಿನಲ್ಲಿ ಅವರ ನಗು ಕೇಳಿಸುತ್ತಿರಲಿಲ್ಲ, ಭುಜ ಕುಣಿಯುತ್ತಿದ್ದದ್ದು ಮಾತ್ರ ಕಾಣುತ್ತಿತ್ತು. ಯಜಮಾನರು ಒಮ್ಮೆ ಅಜ್ಜಿಯನ್ನು ನೋಡಿದರು, ಒಮ್ಮೆ ಬಲ್ಬನ್ನು ನೋಡಿದರು. ನಿಧಾನವಾಗಿ ಎದ್ದು ಗೋಡೆಯ ಹತ್ತಿರ ಹೋಗಿ, ಹಲಗೆಯ ಮೇಲಿದ್ದ ಮೇನ್ ಸ್ವಿಚ್ಚನ್ನು ಫಟ್ಟನೆ ಕೆಳಗಿಳಿಸಿದರು.

ಮೂರು ಮಗ್ಗವೂ ನಿಂತವು. ಆ ನಿಶ್ಶಬ್ದದಲ್ಲಿ ಒಂದೇ ಒಂದು ಸದ್ದು ಉಳಿದಿತ್ತು. ಗೋಡೆ ಪಕ್ಕದ ಮಗ್ಗದ ಹಿಂದೆ ಹುಡುಗ ಗಂಟಲು ಬಿಟ್ಟು ಹಾಡುತ್ತಿದ್ದ. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂದು ನಾವೆಲ್ಲರೂ ಹಾಡುತ್ತೇವೆ, ನಾನೂ ಹಾಡುತ್ತಿದ್ದೆ. ಅವನಿಗೆ ಶ್ರುತಿಯೂ ಇರಲಿಲ್ಲ, ತಾಳವೂ ಇರಲಿಲ್ಲ. ಇದ್ದದ್ದು ಬರೀ ಸಂತೋಷ. ಮಗ್ಗ ನಿಂತದ್ದು ಗೊತ್ತಾಗುವಷ್ಟರಲ್ಲಿ ಒಂದು ಸಾಲು ಪೂರ್ತಿ ಹಾಡಿ ಮುಗಿಸಿದ್ದ.

"ನಿಲ್ಲಿಸ್ದ್ಯಾಕಪ್ಪ, ಹಾಡು," ಎಂದರು ಅವನ ತಾಯಿ. "ಇಷ್ಟ್ ದಿನ ಮಗ್ಗ ನಮ್ಮನ್ನ ಕಾಪಾಡಿತ್ತು."

ನಾನು ನಕ್ಕುಬಿಟ್ಟೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ಹಾಗೆ ನಗಬಾರದು, ಬೀದಿಯ ಆಚೆಗೂ ಕೇಳಿಸುವ ಮಗ್ಗದ ಮನೆಯ ನಗು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವನು ಕಿವಿಯವರೆಗೂ ಕೆಂಪಾಗಿ, ತಲೆಯಲ್ಲಿ ನೂಲಿನ ಎಳೆ ತುಂಬಿಕೊಂಡು ಮಗ್ಗದ ಹಿಂದಿನಿಂದ ಎದ್ದು ಬಂದ. ನನ್ನ ನಗು ನೋಡಿ ತಾನೂ ನಕ್ಕ. ನನ್ನ ಎದೆಯ ಮೇಲಿದ್ದ ಕಲ್ಲು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಸಂಜೆಗೆ ಸೀರೆ ಒಪ್ಪಿಸ್ಬೇಕು ಅಂದ್ರಲ್ಲ ನಿಮ್ ಮಗ, ಯಜಮಾನ್ರೇ?" ಎಂದರು ಅಪ್ಪ. ಅವರಿಗೆ ನಿಜವಾಗಿಯೂ ಚಿಂತೆಯಾಗಿತ್ತು. ಓಡುವ ಮಗ್ಗವನ್ನು ಯಾರಾದರೂ ನೆಂಟರಿಗಾಗಿ ಕೈಯಾರೆ ನಿಲ್ಲಿಸಿದ್ದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

"ನಾಳೆ ಒಪ್ಪಿಸಿದ್ರಾಯ್ತು ಬಿಡಿ. ನೆಂಟ್ರು ದಿನಾ ಬರ್ತಾರಾ?" ಎಂದು ಯಜಮಾನರು ಚೌಕಾಬಾರದ ಕವಡೆ ತಂದರು.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅಪ್ಪ ಆಡುವುದಿಲ್ಲ ಎಂದು ಸ್ವಲ್ಪ ಹೊತ್ತು ಬಿಗಿಯಾಗಿ ಕೂತಿದ್ದರು. ಅಜ್ಜಿ ಕಾಯಿ ನಡೆಸುವಾಗ ಒಂದು ಮನೆ ಹೆಚ್ಚಿಗೆ ಹಾರಿಸಿದಳು. ಯಜಮಾನರು ನೋಡಿಯೂ ಸುಮ್ಮನಿದ್ದರು, ಅಪ್ಪನಿಗೆ ಸುಮ್ಮನಿರಲಾಗಲಿಲ್ಲ. "ಅವ್ವ, ಮೋಸ ಮಾಡ್ಬೇಡ" ಎಂದು ಚಾಪೆಯ ಮೇಲೆ ಮುಂದಕ್ಕೆ ಜರುಗಿದವರು ಮತ್ತೆ ಹಿಂದಕ್ಕೆ ಹೋಗಲಿಲ್ಲ. ಯಜಮಾನರ ಕಾಯಿ ಹೊಡೆದಾಗ ತೊಡೆ ತಟ್ಟಿಕೊಂಡರು. ಅಕ್ಕಿ ಇತ್ತೆಂದು ಕಾಣುತ್ತದೆ, ನಾವು ಊಟ ಮಾಡಿಯೇ ಎದ್ದೆವು.

ಆದರೆ ಮನೆಗೆ ಬಂದು ನಾನು ಮೂರು ಮಗ್ಗದ ಮನೆಗೇ ಹೋಗುತ್ತೇನೆ ಎಂದಾಗ ಅಪ್ಪ ಮಾತು ಬಿಟ್ಟರು. ಮಗ್ಗದ ಮನೆಯಲ್ಲಿ ಮಾತು ಬಿಡುವುದು ಬಹಳ ಸುಲಭ, ಮುಖ ನೋಡದಿದ್ದರಾಯಿತು. ನಾನು ಎದುರಿಗೆ ಬಂದರೆ ಅವರು ನೂಲಿನ ಕಡೆ ಬಗ್ಗುತ್ತಿದ್ದರು. ನನಗೂ ರೇಗಿತು, ನಾನೂ ಮುಖ ತಿರುಗಿಸಿದೆ. ಒಂದು ದಿನ ಅಮ್ಮ ನನ್ನನ್ನು ಹಿತ್ತಿಲಿಗೆ ಎಳೆದೊಯ್ದು ಹೇಳಿದಳು. ಅಪ್ಪ ಚಿಕ್ಕವರಿದ್ದಾಗ ಅವರ ಮನೆಯಲ್ಲಿ ಒಂದು ಮಗ್ಗವೂ ಇರಲಿಲ್ಲ. ಬೇರೆಯವರ ಮನೆಯ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದರು. ಬೀದಿಯಲ್ಲಿ ಎಲ್ಲರಿಗೂ ಮಗ್ಗದ ಲೆಕ್ಕದ ಹೆಸರಿದ್ದರೆ ಅವರಿಗೆ ಇದ್ದದ್ದು ಏನೂ ಇಲ್ಲದವರು ಎಂಬ ಹೆಸರು.

"ಅವ್ರು ಮಗ್ಗ ಎಣಿಸೋದು ದುರಾಸೆಗಲ್ಲ ಕಣೇ. ನೀನು ಹಂಗಾಗ್ಬಾರ್ದು ಅಂತ," ಎಂದಳು ಅಮ್ಮ.

ನನ್ನ ಸಿಟ್ಟು ಇಳಿಯಿತು. ಅಷ್ಟು ವರ್ಷ ಅಪ್ಪನ ಬೆನ್ನು ಬಾಗುವುದನ್ನೂ ನೆಟ್ಟಗಾಗುವುದನ್ನೂ ನೋಡಿ ನಕ್ಕಿದ್ದೆ. ಅದರೊಳಗೆ ಇದಿತ್ತು ಎಂದು ತಿಳಿದಾಗ ಅವರ ಮೇಲೆ ತುಂಬ ಪ್ರೀತಿ ಬಂತು. ಆದರೂ ನನಗೆ ಆ ಮನೆಯೇ ಬೇಕಿತ್ತು. ಅವರ ಭಯ ಸುಳ್ಳಲ್ಲ, ನನ್ನ ಆಸೆಯೂ ಸುಳ್ಳಲ್ಲ. ಮುಂದೇನು ಎಂದು ತಿಳಿಯದೆ ಕಾಲೇಜಿಗೆ ಹೋಗುತ್ತ ಬರುತ್ತ ಇದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಎಂದಿನಂತೆ ಕರೆಂಟ್ ಹೋಯಿತು. ಎಲ್ಲರೂ ಜಗಲಿಗೆ ಬಂದರು. ಅಪ್ಪ ಗೊಣಗದೆ ಸುಮ್ಮನೆ ಬಂದು ಕೂತರು. ನಾನು ಬಾಗಿಲ ಒಳಗೆ ನಿಂತಿದ್ದೆ. ಎದುರು ಮನೆಯ ಎಂಟು ಮಗ್ಗದ ಯಜಮಾನರು ಅಲ್ಲಿಂದಲೇ ಕೂಗಿ ಕೇಳಿದರು.

"ಏನಪ್ಪಾ, ಮಗಳನ್ನ ಕೊಡ್ತೀಯಂತಲ್ಲ. ಎಷ್ಟ್ ಮಗ್ಗದ ಮನೆಗೆ?"

ಬೀದಿಯೆಲ್ಲ ಕೇಳುತ್ತಿತ್ತು. ಅಪ್ಪ ಸೀಮೆಸುಣ್ಣದಿಂದ ಚೌಕಾಬಾರದ ಒಂದು ಗೆರೆ ಎಳೆದರು, ಇನ್ನೊಂದು ಎಳೆದರು. ನಾನು ಹನ್ನೆರಡು ಎಂಬ ಮಾತಿಗೆ ಕಾದೆ.

"ಮಗ್ಗ ಎಷ್ಟಾದ್ರೂ ಇರ್ಲಿ ಕಣಣ್ಣ," ಎಂದರು ಅಪ್ಪ, ತಲೆ ಎತ್ತದೆ. "ನಾವು ಹೋದ್ವಿ ಅಂತ ಓಡೋ ಮಗ್ಗ ನಿಲ್ಲಿಸ್ಬಿಟ್ರು. ಅಂಥಾ ಮನೆಗೆ ಕೊಡ್ತಿದ್ದೀನಿ."

ಆಮೇಲೆ ತಿರುಗಿ ಬಾಗಿಲ ಕಡೆ, ನನ್ನ ಮುಖ ನೋಡಿದರು. ಅಜ್ಜಿ ಮೊರದಲ್ಲಿದ್ದ ಅಕ್ಕಿಯನ್ನು ಸುಮ್ಮಸುಮ್ಮನೆ ಕೇರತೊಡಗಿದಳು, ಅಳು ಬಂದಾಗ ಅವಳು ಹಾಗೆ ಮಾಡುತ್ತಿದ್ದಳು. ನಾನು ಹೊರಗೆ ಬಂದು ಅಪ್ಪನ ಪಕ್ಕ ಕೂತೆ. ಅಂದು ಆಟದಲ್ಲಿ ಅವರೇ ಗೆದ್ದರು.

ಮದುವೆಯಾಗಿ ಆ ಮನೆಗೆ ಬಂದ ಮೇಲೆ ಕಷ್ಟ ಇರಲಿಲ್ಲ ಎಂದು ಹೇಳುವುದಿಲ್ಲ. ನೂಲು ಸಿಗದ ತಿಂಗಳುಗಳಿದ್ದವು, ಸೀರೆ ಮಾರಾಟವಾಗದೆ ಮಡಿಸಿಟ್ಟಂತೆಯೇ ಕೂತ ಹಬ್ಬಗಳಿದ್ದವು. ನಾನು ಬಿ.ಎಡ್. ಮಾಡಿ ರಾಜಾನುಕುಂಟೆಯ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಅತ್ತೆ ನನಗಿಂತ ದೊಡ್ಡ ಬಾಯಿಯವರು, ಹಾಗಾಗಿ ಜಗಳಕ್ಕೂ ಕೊರತೆಯಾಗಲಿಲ್ಲ. ಗಂಡನಿಗೆ ಇವತ್ತಿಗೂ ಶ್ರುತಿ ಬಂದಿಲ್ಲ. ಆದರೆ ಆ ಮನೆಯಲ್ಲಿ ಮಾತು ಅರ್ಧಕ್ಕೆ ನಿಂತದ್ದು ನನಗೆ ನೆನಪಿಲ್ಲ.

ಕೆಲವು ವರ್ಷಗಳ ಮೇಲೆ, ಒಂದು ಬೆಳಗ್ಗೆ ಶಾಲೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬಾಕೆ ಬಂದು ಕೂತಳು. ಎಲ್ಲೋ ನೋಡಿದ ಕಣ್ಣು. ಹನ್ನೆರಡು ಮಗ್ಗದ ಮನೆಯ ಹಿರಿಯ ಸೊಸೆ. ಈಗ ಅವರದು ಇಪ್ಪತ್ತು ಮಗ್ಗ ಎಂದು ಊರಲ್ಲಿ ಹೇಳುತ್ತಿದ್ದರು. ನಾನು ಯಾರೆಂದು ಹೇಳಿದೆ, ಅವಳಿಗೂ ನೆನಪಾಯಿತು. ಕ್ಷೇಮಸಮಾಚಾರ ಮುಗಿಯುವವರೆಗೂ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಅವತ್ತು ನೀವೇನೋ ಹೇಳ್ತಿದ್ರಿ. ಮೊನ್ನೆ ಏನಾಯ್ತು ಗೊತ್ತಾ, ನಮ್ ಮಾವ ಅಂದ್ರಿ. ಅಷ್ಟಕ್ಕೇ ಜನರೇಟರ್ ಬಂತು. ಏನಾಗಿತ್ತು?"

ಅವಳು ನನ್ನನ್ನೇ ನೋಡಿದಳು. "ಅದನ್ನ ಇನ್ನೂ ಇಟ್ಕೊಂಡಿದ್ದೀಯಾ?" ಎಂದಳು. ನೆನಪಾಗುತ್ತಿದ್ದಂತೆ ಅವಳ ಮುಖದಲ್ಲಿ ಅಂದಿನ ನಗು ಮತ್ತೆ ಬಂತು.

ಹಿಂದಿನ ಮನೆಯವರ ಕೋಳಿಯೊಂದು ಒಳಗೆ ನುಗ್ಗಿ, ಕಂಡಿಕೆಯ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಹೋಗಿತ್ತಂತೆ. ಅವರದೋ ಮೊಟ್ಟೆಯ ಹೆಸರೂ ಎತ್ತದ ಮನೆ. ಮಾವ ಕಣ್ಣನ್ನು ನೂಲಿನ ಮೇಲಿಟ್ಟು, ಕೈಯನ್ನು ಬುಟ್ಟಿಗೆ ಹಾಕಿ, ಸಿಕ್ಕಿದ್ದನ್ನು ಲಾಳಿಯೊಳಗೆ ಒತ್ತಿದರಂತೆ. ಎರಡು ಸಲ ಒತ್ತಿದರೂ ಕೂರದಿದ್ದಾಗ ಮೂರನೆಯ ಸಲ ಜೋರಾಗಿ ಒತ್ತಿದರಂತೆ. "ಆಮೇಲೆ ಅವ್ರು ತಲೆಗೆ ಸ್ನಾನ ಮಾಡಿದ್ದಲ್ದೆ, ಲಾಳಿಗೂ ಸ್ನಾನ ಮಾಡ್ಸಿದ್ರು ಕಣೇ," ಎಂದಳು. ಹೇಳುತ್ತ ಹೇಳುತ್ತ ಅವಳಿಗೆ ನಗು ತಡೆಯಲಾಗದೆ ನಡುನಡುವೆ ನಿಲ್ಲಿಸುತ್ತಿದ್ದಳು. ನಾನೂ ನಕ್ಕೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ರಾಜಾನುಕುಂಟೆ ಬಂತು. ಅವಳಿನ್ನೂ ಲಾಳಿಯ ಸ್ನಾನದಲ್ಲಿದ್ದಳು, ನಾನು ಇಳಿಯಲಿಲ್ಲ.

ಕತೆ ಮುಗಿಯುವಷ್ಟರಲ್ಲಿ ಬಸ್ಸು ಯಲಹಂಕ ತಲುಪಿತ್ತು. ಅವಳು ಅಲ್ಲೇ ಇಳಿಯಬೇಕಿತ್ತು. ನಾನು ಇಳಿದು ವಾಪಸ್ ಬಸ್ ಹಿಡಿಯಬೇಕಿತ್ತು, ಶಾಲೆಯಲ್ಲಿ ಅರ್ಧ ದಿನದ ರಜೆ ಹೇಗೂ ಬಿದ್ದಾಗಿತ್ತು. ಅವಳು ಕಣ್ಣು ಒರೆಸಿಕೊಂಡು ನನ್ನ ಕೈ ಹಿಡಿದಳು.

"ನಿಮ್ ಮನೇಲಿ ಈಗೆಷ್ಟು ಮಗ್ಗ?"

"ಐದಕ್ಕಾ. ಜನರೇಟರ್ ಇಲ್ಲ."

ಅವಳು ಕೈ ಬಿಡಲಿಲ್ಲ. "ಒಂದ್ ದಿನ ಬರ್ತೀನಿ ಕಣೇ. ಇಂಥಾವು ಹೇಳೋಕೆ ನನ್ ಹತ್ರ ಬೇಕಾದಷ್ಟಿವೆ. ಕರೆಂಟ್ ಯಾವಾಗ ಹೋಗುತ್ತೆ ಹೇಳು, ಆ ಹೊತ್ತಿಗೇ ಬರ್ತೀನಿ."

ಯಾವ ಹೊತ್ತಿಗಾದರೂ ಬನ್ನಿ ಅಕ್ಕಾ, ನಮ್ಮ ಮಾವ ಸ್ವಿಚ್ ಇಳಿಸುತ್ತಾರೆ ಎಂದೆ.